ಕಂಡಕ್ಟರನ ಹೊಸ ದನಿ

ಮೊಬೈಲಿನ ಪರದೆಯ ಮೇಲೆ ಒಂಬತ್ತು ಮುಖಗಳು ಒಟ್ಟಿಗೆ ಕಾಣಿಸಿಕೊಂಡಾಗ ಕಂಡಕ್ಟರ್ ಕುರ್ಚಿಯಿಂದ ಅರ್ಧ ಎದ್ದೇಬಿಟ್ಟ. ಎಲ್ಲರ ಕತ್ತಿನಲ್ಲೂ ತನ್ನ ಕತ್ತಿನಲ್ಲಿದ್ದಂಥದೇ ತೂತು, ಅದರ ಮೇಲೊಂದು ತೆಳು ಬಟ್ಟೆ. ಮೂವತ್ತು ವರ್ಷ ಬಸ್ಸಿನಲ್ಲಿ ಕೂಗಿದ ಗಂಟಲಿಗೆ ಕ್ಯಾನ್ಸರ್ ಬಂದು, ಧ್ವನಿಪೆಟ್ಟಿಗೆಯನ್ನೇ ತೆಗೆದ ಮೇಲೆ ಅವನು ಎಂಟು ತಿಂಗಳಿಂದ ಎಲ್ಲವನ್ನೂ ಬರೆದೇ ತೋರಿಸುತ್ತಿದ್ದ. ತನ್ನಂಥವರು ಆನ್‌ಲೈನಿನಲ್ಲಿ ಸೇರಿ ಮತ್ತೆ ಮಾತು ಕಲಿಯುತ್ತಾರೆಂದು ನರ್ಸ್ ಹೇಳಿದಾಗ ನಂಬಿರಲಿಲ್ಲ.

"ಹೊಸಬ್ರಾ? ಬನ್ನಿ ಬನ್ನಿ. ನನ್ನ ದನಿ ಕಪ್ಪೆ ಥರ ಇದೆ, ನಗಬೇಕು ಅನ್ಸಿದ್ರೆ ಈಗ್ಲೇ ನಕ್ಬಿಡಿ," ಎಂದರು ಕಲಿಸುವ ಟೀಚರಮ್ಮ. ಅವರ ಕತ್ತಿನಲ್ಲೂ ತೂತಿತ್ತು, ಆದರೂ ಒಂದೊಂದು ಮಾತೂ ಸ್ಪಷ್ಟವಾಗಿತ್ತು. ಅವನಿಗೆ ನಗು ಬರಲಿಲ್ಲ, ಕಣ್ಣು ತುಂಬಿ ಬಂತು. ಹಿಂದೊಮ್ಮೆ ಅವನು ಮಾತಾಡಲು ಹೆಣಗಿದಾಗ ಮೊಮ್ಮಗಳು ಹೆದರಿ ಅತ್ತಿದ್ದಳು. ಅಂದಿನಿಂದ ಆ ಪ್ರಯತ್ನವನ್ನೇ ಬಿಟ್ಟಿದ್ದ.

"ಗಾಳಿ ನುಂಗಿ. ತೇಗೋ ಹಾಗೆ ಅದನ್ನ ವಾಪಸ್ ಬಿಡ್ತಾ 'ಬಾ' ಅನ್ನಿ." ಮೊದಲ ಸಲ ಏನೂ ಹೊರಡಲಿಲ್ಲ. ಎರಡನೆಯ ಸಲ ಬರೀ ತೇಗು. ಒಂಬತ್ತೂ ಮುಖಗಳು ಪರದೆಗೆ ಇನ್ನಷ್ಟು ಹತ್ತಿರ ಬಂದವು. ಮೂರನೆಯ ಸಲ ಒರಟಾಗಿ, ಮನೆಗೆಲ್ಲ ಕೇಳಿಸುವಂತೆ, "ಬಾ" ಬಂದೇಬಿಟ್ಟಿತು.

ಅವರೆಲ್ಲ ಚಪ್ಪಾಳೆ ತಟ್ಟುತ್ತಿರುವಾಗಲೇ ಹೆಂಡತಿ ಒದ್ದೆ ಕೈಯಲ್ಲೇ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

"ಕರೆದ್ರಾ?" ಎಂದಳು, ಮೆಲ್ಲಗೆ.

ಅವನು ಅವಳತ್ತ ತಿರುಗಿ, ಗಾಳಿ ನುಂಗಿ, ಇನ್ನೊಮ್ಮೆ ಕರೆದ.