ಹಳದಿ ಕಾಗದದ ರಕ್ತ

ಇವತ್ತು ಆ ಹಳದಿ ಕಾಗದದಿಂದ ರಕ್ತ ಬರಬಾರದು. ದೂ ಯಾನ್ ಗುರುವಿನ ಸೋರೆಬುರುಡೆಯನ್ನು ತೊರೆಗೆ ಬಗ್ಗಿಸಿ, ಒಳಗಿದ್ದುದನ್ನು ಕೊನೆಯ ಹನಿಯವರೆಗೂ ಚೆಲ್ಲಿ, ಬರೀ ನೀರು ತುಂಬಿದ. ಆಮೇಲೆ ಮರಳು ಹಾಕಿ ಮೂರು ಸಲ ಕೈ ಉಜ್ಜಿ ತೊಳೆದ. ಅವನು ಬಟ್ಟೆಗೆ ಬಣ್ಣ ಹಾಕುವವರ ಮನೆಯ ಮಗ. ಯಾವ ನೀರು ಯಾವ ಬಣ್ಣವನ್ನು ಏನು ಮಾಡುತ್ತದೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಗುರು ಮೂ ಶಿಗುವಾಂಗ್ ಸುತ್ತಲ ಸೀಮೆಗೆಲ್ಲ ಹೆಸರಾದ ಪಿಶಾಚಿ ಬೇಟೆಗಾರ. ಅವನ ವಿದ್ಯೆ ಎಂದರೆ ಅರಿಸಿನದಲ್ಲಿ ಅದ್ದಿ ಒಣಗಿಸಿದ ಕಾಗದ, ಬುರುಡೆ ತುಂಬ ಬೂದಿಯ ತಿಳಿನೀರು, ಇಷ್ಟೇ. ಪಿಶಾಚಿ ಎಂದು ಊರು ಬೆರಳು ತೋರಿದವಳ ಬೆನ್ನಿಗೆ ಕಾಗದದ ಗೊಂಬೆ ಅಂಟಿಸುವುದು, ಪೀಚ್ ಮರದ ಕತ್ತಿಯ ಮೇಲೆ ಬೂದಿನೀರು ಉಗಿಯುವುದು, ಗೊಂಬೆಯ ಮೇಲೆ ಒಂದು ಗೀರು ಎಳೆಯುವುದು. ಅರಿಸಿನಕ್ಕೆ ಬೂದಿನೀರು ತಾಗಿದರೆ ಕೆಂಪಾಗದೆ ಇನ್ನೇನಾದೀತು? ಊರವರ ಕಣ್ಣಿಗೆ ಅದು ಪಿಶಾಚಿಯ ರಕ್ತ. ಆಮೇಲೆ ಬಿದಿರ ಬುಟ್ಟಿ, ಕಲ್ಲು, ಕೆರೆ. ಬೂದಿನೀರನ್ನು ಹೊತ್ತು ತಿರುಗುವ ಕಷ್ಟವೂ ಗುರುವಿಗಿರಲಿಲ್ಲ. ಐದನೇ ತಿಂಗಳ ಕಡುಬಿನ ಹಬ್ಬದಲ್ಲಿ ಅದಿಲ್ಲದ ಅಡುಗೆಮನೆಯೇ ಇಲ್ಲ. ಬೆಳಿಗ್ಗೆ ಛತ್ರದ ಅಡುಗೆಯವನ ಗಡಿಗೆಯಿಂದಲೇ ತುಂಬಿಸಿಕೊಂಡಿದ್ದ.

ಯಾನ್ ತಾನಾಗಿ ಬಂದ ಶಿಷ್ಯನಲ್ಲ. ಅವನು ಜ್ವರದಲ್ಲಿ ಬಿದ್ದಿದ್ದಾಗ ತಾಯಿ ಹರಕೆ ಹೊತ್ತಿದ್ದಳು: ಮಗ ಎದ್ದು ಕೂತರೆ ಮೂರು ವರ್ಷ ಬೇಟೆಗಾರನ ಸೇವೆಗೆ ಎಂದು. ಎದ್ದು ಕೂತ, ಸಿಕ್ಕಿಬಿದ್ದ. ಹೋದ ವರ್ಷ ಒಬ್ಬ ಕುಂಬಾರನ ಹೆಂಡತಿಯ ಬೆನ್ನಿಗೆ ಗೊಂಬೆ ಅಂಟಿಸಿದ್ದು ಇವನೇ. ಬುಟ್ಟಿ ಮುಳುಗುವಾಗ ಬಾಯಿ ಬಿಡಲಿಲ್ಲ. ಆ ಹೇಡಿತನಕ್ಕೆ ತನ್ನನ್ನು ತಾನು ಇನ್ನೂ ಕ್ಷಮಿಸಿರಲಿಲ್ಲ. ನಾಳೆಗೆ ಮೂರು ವರ್ಷ ಮುಗಿಯುತ್ತದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅದಕ್ಕೇ ಈ ಬರೀ ನೀರು.

ಇವತ್ತಿನವಳು ಗುಯಿಫೆನ್, ವಿಧವೆ. ಊರಿನ ರೇಷ್ಮೆಹುಳುಗಳೆಲ್ಲ ಸತ್ತು ಅವಳವು ಮಾತ್ರ ಬದುಕಿದ್ದವು. ಅವಳ ಹಿಪ್ಪುನೇರಳೆ ತೋಟದ ಮೇಲೆ ಕಣ್ಣಿಟ್ಟಿದ್ದ ಮೈದುನ ಲಿಯಾವ್ ಚೆಂಗ್‌ಗೆ ಅಷ್ಟು ಸಾಕಾಯಿತು. ಕಡುಬು ಬೇಯಿಸುತ್ತಿದ್ದವಳನ್ನು ಒಲೆಯ ಮುಂದಿನಿಂದಲೇ ಎಳೆದು ತಂದು, ಮುಂಗೈ ಕಟ್ಟಿ, ಪಿತೃಗಳ ಮಂಟಪದಲ್ಲಿ ಕೂಡಿಹಾಕಿದ್ದರು. ಕಾವಲಿಗೆ ಬಂದ ಯಾನ್‌ನನ್ನು ಕಂಡೊಡನೆ ಅವಳು ಉಗಿದಳು.

"ಅವನ ಎಂಜಲು ತಿನ್ನೋ ನಾಯಿ."

ಯಾನ್ ಮುಖ ಒರೆಸಿಕೊಂಡ. ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಹೆದರ್ಬೇಡಿ ಅಕ್ಕ. ಇವತ್ತು ರಕ್ತ ಬರಲ್ಲ."

"ನಿಂಗೆ ಹೆಂಗೊತ್ತು?"

"ಗೊತ್ತು. ಅಷ್ಟೇ."

ಅವಳು ಕಟ್ಟಿದ ಕೈಗಳಿಂದಲೇ ಮಡಿಲಿನಿಂದ ಬಿದಿರೆಲೆಯ ಕಡುಬೊಂದನ್ನು ತೆಗೆದು ಚಾಚಿದಳು. ತನಗಂತೂ ಗಂಟಲಲ್ಲಿ ಇಳಿಯುವುದಿಲ್ಲ, ಹಬ್ಬದ ದಿನ ಹಸಿದಿರಬೇಡ ಎಂದಳು. ಬೆಳಗಿನಿಂದ ಯಾನ್‌ನ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಮೂರು ವರ್ಷಗಳಲ್ಲಿ ಯಾರೂ ಅವನಿಗೆ ಹೀಗೆ ಕೈಯಾರೆ ಕೊಟ್ಟಿರಲಿಲ್ಲ. ನೂಲು ಬಿಚ್ಚಿ, ಎಲೆ ಸುಲಿದು, ನಿಂತಲ್ಲೇ ತಿಂದ. ಬೆರಳಿಗೆ ಅಂಟಿದ್ದನ್ನೂ ನೆಕ್ಕುತ್ತಿದ್ದಾಗ ಹೊರಗೆ ಡೋಲು ಬಡಿಯಿತು.

ನಡುಮಧ್ಯಾಹ್ನ. ಬಾಗಿಲು ಬಾಗಿಲಿಗೂ ಮಾಚಿಪತ್ರೆಯ ಗೊಂಚಲು. ಕೆರೆಯ ದಂಡೆಯಲ್ಲಿ ಊರಿಗೆ ಊರೇ ನೆರೆದಿತ್ತು. ಬುಟ್ಟಿ ಸಿದ್ಧ, ಕಲ್ಲೂ ಸಿದ್ಧ. ಈ ಸಲ ಗೊಂಬೆಯನ್ನು ಗುರುವೇ ಅಂಟಿಸಿದ. ಬುರುಡೆ ಎತ್ತಿ ಬಾಯಿ ತುಂಬಿಕೊಂಡವನು ಒಂದು ಕ್ಷಣ ತಡೆದ. ಆದರೆ ಅಷ್ಟು ಜನರೆದುರು ನುಂಗುವಂತೆಯೂ ಇರಲಿಲ್ಲ. ಕತ್ತಿಯ ಮೇಲೆ ಉಗಿದು, ಎಳೆದ.

ಕಾಗದ ಒದ್ದೆಯಾಯಿತು. ಹಳದಿಯಾಗಿಯೇ ಉಳಿಯಿತು.

ಇನ್ನೊಮ್ಮೆ ಎಳೆದ. ಹಳದಿ.

"ಏನ್ ಬೇಟೆಗಾರರೇ, ನಿಮ್ಮ ಕತ್ತಿಗೂ ಇವತ್ತು ಹಬ್ಬಾನಾ?" ಲಿಯಾವ್ ಚೆಂಗ್ ಹಲ್ಲು ಕಡಿದ. ಹಿಂದಿನವರು ನಕ್ಕರು. ಯಾರೋ ಗುಯಿಫೆನ್‌ಳ ಕಟ್ಟು ಬಿಚ್ಚಿದರು.

ಗುರು ಬುರುಡೆಯನ್ನು ಮೂಸಿದ. ನಿಧಾನವಾಗಿ ತಿರುಗಿ ಶಿಷ್ಯನನ್ನು ನೋಡಿದ. ಆ ನೋಟದಲ್ಲಿ ಎಲ್ಲವೂ ಇತ್ತು. ಆದರೆ ಮಾತಾಡಿದ್ದು ಜನರ ಕಡೆಗೆ.

"ಪಿಶಾಚಿ ಎಲ್ಲೂ ಹೋಗಿಲ್ಲ. ಈ ಮೈ ಬಿಟ್ಟು ಇನ್ನೊಂದು ಮೈಗೆ ಹಾರಿದೆ. ಇಲ್ಲೇ ಇದೆ, ನಮ್ಮ ನಡುವೇನೇ."

ನಗು ನಿಂತಿತು. ತಾಯಂದಿರು ಮಕ್ಕಳನ್ನು ಹತ್ತಿರಕ್ಕೆ ಎಳೆದುಕೊಂಡರು. ಗುರುವಿನ ಕಣ್ಣು ಒಬ್ಬೊಬ್ಬಳ ಮೇಲೂ ಹರಿದು, ಹೊಲಿಗೆಯ ಮುದುಕಿಯೊಬ್ಬಳ ಬಳಿ ನಿಂತಿತು. ಯಾನ್‌ನ ರಕ್ತ ಕುದಿಯಿತು. ಒಂದು ಬುಟ್ಟಿಗೆ ಒಬ್ಬಳಲ್ಲದಿದ್ದರೆ ಇನ್ನೊಬ್ಬಳು, ಅಷ್ಟೇ ತಾನೆ? ಹರಕೆಗೆ ಇನ್ನೊಂದೇ ದಿನ ಬಾಕಿಯಿತ್ತು. ಹಾಳಾಗಲಿ ಎಂದುಕೊಂಡ.

ಮುನ್ನುಗ್ಗಿ ಗುಯಿಫೆನ್‌ಳ ಬೆನ್ನಿನಿಂದ ಆ ಒದ್ದೆ ಕಾಗದವನ್ನು ಕಿತ್ತು, ಎರಡೂ ಕೈಯಲ್ಲಿ ಎತ್ತಿ ಹಿಡಿದ.

"ಪಿಶಾಚಿನೂ ಇಲ್ಲ, ಗಿಶಾಚಿನೂ ಇಲ್ಲ. ಇದು ಬರೀ ಅರಿಸಿನದ ಕಾಗದ. ಕಣ್ಬಿಟ್ಟು ನೋಡಿ."

ಜನ ನೋಡಿದರು. ಒಬ್ಬರೂ ಉಸಿರೆತ್ತಲಿಲ್ಲ. ಕೊನೆಗೂ ಅರ್ಥವಾಯಿತಲ್ಲ ಎಂದು ಯಾನ್‌ಗೆ ಎದೆ ಹಗುರಾಯಿತು. ಕುಂಬಾರನ ಹೆಂಡತಿಯ ನೆನಪಾಯಿತು. ಗುರುವಿನ ಕಡೆ ತಿರುಗಿದ. ಎಂದೂ ಯಾವುದಕ್ಕೂ ಬೆಚ್ಚದ ಮನುಷ್ಯ ಕತ್ತಿಯನ್ನು ಅಡ್ಡ ಹಿಡಿದು ಹಿಂದೆ ಸರಿಯುತ್ತಿದ್ದ.

ಮೊದಲು ಬಾಯಿಬಿಟ್ಟವಳು ಗುಯಿಫೆನ್.

"ಇವನೇ. ರಕ್ತ ಬರಲ್ಲ ಅಂತ ನಂಗೆ ಆಗಲೇ ಹೇಳಿದ್ದ."

ಯಾನ್ ತಲೆಯೆತ್ತಿ ಕಾಗದ ನೋಡಿದ: ಹಿಡಿದ ಕಡೆಯೆಲ್ಲ ಅವನ ಬೆರಳುಗಳು ಕೆಂಪಗೆ ಮೂಡಿದ್ದವು, ಮತ್ತು ಅವನ ನಾಲಗೆಯ ಮೇಲೆ ಬೂದಿನೀರಲ್ಲಿ ನೆನೆದ ಆ ಹಬ್ಬದ ಕಡುಬಿನ ರುಚಿ ಇನ್ನೂ ಇತ್ತು.