ಕೈಗೆ ಸಿಕ್ಕ ಗಂಟು

“ಕಣ್ಣಿಗೆ ಕಾಣಲ್ಲ, ಬರೀ ಕೈಗೆ ಸಿಗುತ್ತೆ. ನೋವೂ ಇಲ್ಲ. ಅಂದ್ಮೇಲೆ ಪಾಸ್!” ಕೆಲಸದಲ್ಲಿ ಎಲ್ಲರೂ ‘ಭೂತಗನ್ನಡಿ’ ಎಂದೇ ಕರೆಯುವ ಹೆಂಗಸು ತನ್ನ ಎಡಸ್ತನದ ಬಗ್ಗೆ ಹೀಗೆ ತೀರ್ಪು ಕೊಟ್ಟು ಮಿಲ್ಲಿನ ನೀಲಿ ಅಂಗಿಯ ಗುಂಡಿ ಹಾಕಿಕೊಂಡಳು. ಬಟ್ಟೆ ಬದಲಿಸುವ ಕೋಣೆಯಲ್ಲಿ ಆಗ ಇದ್ದವರು ಇಬ್ಬರೇ, ಅವಳು ಮತ್ತು ಅವಳ ಓರಗಿತ್ತಿ.

ಓರಗಿತ್ತಿಯ ಬಾಚಣಿಗೆ ತಲೆಯಲ್ಲೇ ನಿಂತಿತು. “ಏನಂದ್ರಿ ಅಕ್ಕಾ? ಗಂಟಾ? ಯಾವಾಗಿಂದ?”

“ಬೇಸಿಗೆ ಶುರುವಾದಾಗಿನಿಂದ. ಸ್ನಾನ ಮಾಡುವಾಗ ಸಿಕ್ತು. ಕಡಲೆಕಾಳಿನಷ್ಟಿದೆ, ಅಷ್ಟೇ. ನೀನು ಊರೆಲ್ಲ ಡಂಗುರ ಹೊಡೀಬೇಡ.”

ಗಂಟನ್ನು ಹೀಗೆ ಪಾಸು ಮಾಡಿದ ತಪ್ಪು ಭೂತಗನ್ನಡಿಯದಷ್ಟೇ ಅಲ್ಲ, ಅವಳ ಕೆಲಸದ್ದೂ ಹೌದು. ಇಬ್ಬರೂ ಬಟ್ಟೆ ಮಿಲ್ಲಿನ ಚೆಕಿಂಗ್ ವಿಭಾಗದಲ್ಲಿ ಎದುರುಬದುರು ಮೇಜಿನವರು. ಅಡಿಯಲ್ಲಿ ದೀಪವಿರುವ ಗಾಜಿನ ಮೇಲೆ ಥಾನುಗಟ್ಟಲೆ ಬಟ್ಟೆ ಸರಿದು ಬರುತ್ತದೆ; ನೂಲಿನ ಗಂಟು, ಬಿಟ್ಟ ಎಳೆ, ಎಣ್ಣೆ ಕಲೆ ಹುಡುಕಬೇಕು. ಕಣ್ಣಿಗೆ ಕಾಣುವ ಗಂಟಾದರೆ ಕೆಂಪು ನೂಲು ಕಟ್ಟಿ ಪಕ್ಕಕ್ಕೆ. ಕಾಣದೆ ಬೆರಳಿಗಷ್ಟೇ ತಾಗುವುದಾದರೆ ಪಾಸ್. ಕೊಳ್ಳುವವರು ಕಣ್ಣಿನಿಂದ ತಾನೇ ಕೊಳ್ಳುವುದು! ವರ್ಷಗಟ್ಟಲೆ ಹೀಗೆ ಪಾಸು ಮಾಡಿ ಮಾಡಿ, ಭೂತಗನ್ನಡಿ ಎಂಬ ಬಿರುದು ಪಡೆದ ಮಹಾತಾಯಿ ತನ್ನ ಮೈಯನ್ನೂ ಒಂದು ಥಾನಿನ ಲೆಕ್ಕಕ್ಕೆ ಸೇರಿಸಿಬಿಟ್ಟಿದ್ದಳು.

“ಬಟ್ಟೆಯ ಗಂಟು ಬೆಳೆಯಲ್ಲ ಅಕ್ಕಾ,” ಎಂದಳು ಓರಗಿತ್ತಿ. “ಇದು ಬೆಳೆದ್ರೆ?”

ಭೂತಗನ್ನಡಿ ಬೆಂಚಿನ ಮೇಲೆ ಕುಳಿತಳು. “ಕ್ಯಾನ್ಸರ್ ಅಂದುಬಿಟ್ರೆ? ಹುಡುಕಿದ್ರೆ ತಾನೇ ಸಿಗೋದು? ನನಗೆ ಭಯ ಆಗುತ್ತೆ ಕಣೇ.” ಮನೆಯಲ್ಲಿ ಅತ್ತೆಗೂ ಮಿಲ್ಲಿನಲ್ಲಿ ಮೇಲ್ವಿಚಾರಕನಿಗೂ ಸೊಪ್ಪು ಹಾಕದವಳ ಬಾಯಲ್ಲಿ ಭಯ ಎಂಬ ಮಾತು! ಓರಗಿತ್ತಿ ಬಾಚಣಿಗೆಯನ್ನು ಚೀಲಕ್ಕೆ ತುರುಕಿದಳು.

“ಹುಡುಕದಿದ್ರೆ ಗಂಟೇ ಇರಲ್ಲ ಅನ್ನೋದಾದ್ರೆ, ಮಿಲ್ಲಿನಲ್ಲಿ ನಮ್ಮಿಬ್ಬರನ್ನ ಯಾಕೆ ಇಟ್ಕೊಂಡಿದ್ದಾರೆ? ಏಳಿ, ಅರ್ಧ ದಿನ ರಜೆ ಹಾಕಿ. ನಾನೂ ಬರ್ತೀನಿ.”

“ನೀನು ಹಿಡಿದ ಪಟ್ಟು ಬಿಡಲ್ಲ ಅಲ್ವಾ?”

“ಈ ಮನೆಗೆ ಸೊಸೆಯಾಗಿ ಬಂದ ಮೇಲೆ ನಿಮ್ಮ ಹತ್ರ ಕಲಿತಿದ್ದು ಅದೊಂದೇ.”

ಆಸ್ಪತ್ರೆಯಲ್ಲಿ ವೈದ್ಯೆ ಬೆರಳ ತುದಿಯಿಂದ ನಿಧಾನವಾಗಿ ಒತ್ತಿ ನೋಡಿದರು. ಯಂತ್ರದಲ್ಲಿ ಚಿತ್ರ ತೆಗೆಸಿದರು, ಸೂಜಿ ಹಾಕಿ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. “ಇಂಥ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಆಗಿರಲ್ಲ. ಆದ್ರೆ ಯಾವುದು ಹೌದು, ಯಾವುದು ಅಲ್ಲ ಅಂತ ಬರೀ ಕೈಯಲ್ಲಿ ಮುಟ್ಟಿ ಹೇಳೋಕೆ ನನಗೂ ಆಗಲ್ಲಮ್ಮ. ಕೈಗೆ ಸಿಕ್ಕಿದ್ದನ್ನ ಬಿಡಬಾರದು,” ಎಂದರು.

ಫಲಿತಾಂಶ ಬರುವ ತನಕ ಭೂತಗನ್ನಡಿಯ ಮೇಜಿನಿಂದ ಒಂದು ಥಾನೂ ಪಾಸಾಗಲಿಲ್ಲ. ಬೆರಳಿಗೆ ತಾಗಿದ್ದಕ್ಕೆಲ್ಲ ಕೆಂಪು ನೂಲು. ಮೇಲ್ವಿಚಾರಕ ತಲೆ ಚಚ್ಚಿಕೊಂಡು ಓಡಿ ಬಂದ. “ಏನಮ್ಮಾ, ಮಿಲ್ಲನ್ನೇ ಮುಚ್ಚಿಸ್ತೀರಾ?”

“ಡಾಕ್ಟ್ರು ಹೇಳಿದ್ದಾರೆ ಸಾರ್,” ಎಂದಳು ಅವಳು, ತಲೆಯೆತ್ತದೆ.

ಮುಂದಿನ ವಾರ ಫಲಿತಾಂಶ ಬಂತು. ಕ್ಯಾನ್ಸರೇ. ವೈದ್ಯೆ ಸುತ್ತಿ ಬಳಸಿ ಹೇಳಲಿಲ್ಲ. “ಆದ್ರೆ ಚಿಕ್ಕದಿರುವಾಗಲೇ ಸಿಕ್ಕಿದೆ. ಈವರೆಗೆ ನೋಡಿದ್ರಲ್ಲಿ ಬೇರೆ ಕಡೆ ಹರಡಿದ ಗುರುತಿಲ್ಲ. ಗಂಟನ್ನೂ ಅದರ ಸುತ್ತ ಸ್ವಲ್ಪ ಭಾಗವನ್ನೂ ತೆಗೀತೀವಿ, ಆಮೇಲೆ ಚಿಕಿತ್ಸೆ ಇರುತ್ತೆ. ವಾಸಿ ಮಾಡೋಕೆ ಅಂತಲೇ ನಾನು ಹೊರಟಿರೋದು.”

ಭೂತಗನ್ನಡಿ ಅತ್ತಳು. ಮುಚ್ಚುಮರೆಯಿಲ್ಲದೆ ಅತ್ತು, ಓರಗಿತ್ತಿಯ ಕರವಸ್ತ್ರ ಒದ್ದೆ ಮಾಡಿ, ಮೂಗು ಒರೆಸಿಕೊಂಡಳು. ಆಮೇಲೆ ಕುರ್ಚಿಯಲ್ಲಿ ನೆಟ್ಟಗೆ ಕುಳಿತು ಕೇಳಿದಳು: “ಆಪರೇಷನ್ ಯಾವತ್ತು? ಬೇಗ ಮುಗಿಸಿ ಡಾಕ್ಟ್ರೇ. ನಾನಿಲ್ಲದಿದ್ರೆ ನನ್ನ ಮೇಜಿಗೆ ಯಾವಳನ್ನೋ ತಂದು ಕೂರಿಸ್ತಾರೆ. ಅವಳು ಎಣ್ಣೆ ಕಲೇನೂ ಡಿಸೈನ್ ಅಂತ ಪಾಸ್ ಮಾಡ್ತಾಳೆ.”

ವೈದ್ಯೆ ನಕ್ಕುಬಿಟ್ಟರು. ಓರಗಿತ್ತಿ ನಗುವುದೋ ಅಳುವುದೋ ತಿಳಿಯದೆ ಎರಡನ್ನೂ ಒಟ್ಟಿಗೆ ಮಾಡಿದಳು.

ಹೊರಗೆ ಉದ್ದನೆಯ ಮೊಗಸಾಲೆಯಲ್ಲಿ ನಾಲ್ಕು ಹೆಜ್ಜೆ ಹೋದವಳೇ ಭೂತಗನ್ನಡಿ ಗಕ್ಕನೆ ನಿಂತಳು.

“ಅದಿರ್ಲಿ, ನೀನು ಯಾವಾಗ ಪರೀಕ್ಷೆ ಮಾಡಿಸ್ಕೊಂಡಿದ್ದೆ?”

“ನಾನಾ? ನನಗೇನಾಗಿದೆ ಅಕ್ಕಾ? ಗುಂಡುಕಲ್ಲಿನ ಹಾಗಿದ್ದೀನಿ.”

“ನಲವತ್ತೈದು ದಾಟಿತಲ್ಲ?”

“ಅಯ್ಯೋ, ಮೆಲ್ಲಗೆ ಹೇಳಿ!”

“ಓಹೋ, ಹೇಳೋದು ಆಚಾರ, ತಿನ್ನೋದು ಬದನೆಕಾಯಿ!” ಭೂತಗನ್ನಡಿ ಅವಳ ಮಣಿಕಟ್ಟು ಹಿಡಿದು ಚೀಟಿ ಬರೆಯುವ ಕಿಟಕಿಯವರೆಗೂ ದರದರ ಎಳೆದುಕೊಂಡು ಹೋದಳು. ಹತ್ತು ನಿಮಿಷದ ಹಿಂದೆ ಅತ್ತವಳು ಇವಳೇ ಎಂದರೆ ಯಾರೂ ನಂಬುತ್ತಿರಲಿಲ್ಲ.

ಚೀಟಿ ಬರೆಯುವವಳು ಪೆನ್ನು ಎತ್ತಿಕೊಂಡು ಕೇಳಿದಳು: “ಇವರಿಗೆ ಏನು ತೊಂದರೆ?”

“ಏನೂ ಇಲ್ಲ,” ಎಂದಳು ಭೂತಗನ್ನಡಿ. “ಅದಕ್ಕೇ ಈಗ ಕರ್ಕೊಂಡು ಬಂದಿದ್ದೀನಿ.”