ಗೋಡೆಯ ಮೇಲಿನ ಮಾವ

ಗಾಜು ಒಡೆದದ್ದಕ್ಕಿಂತ ಹೆಚ್ಚಾಗಿ ರತ್ನಾಳನ್ನು ಹೆದರಿಸಿದ್ದು ಅದರ ಹಿಂದಿದ್ದ ಚೀಟಿ.

2017ರ ಜುಲೈ, ರವಿವಾರ. ಮಾವನ ಪುಣ್ಯತಿಥಿ. ಒರೆಸಲೆಂದು ಫೋಟೋ ಇಳಿಸುವಾಗ ಕೈ ಜಾರಿತ್ತು. ಚೌಕಟ್ಟು ಬಿಚ್ಚಿಕೊಂಡು ಫೋಟೋದ ಹಿಂಬದಿ ಕಂಡಿತು. ಚೀಟಿಯಲ್ಲಿ ಹೆಸರು ಅಳಿಸಿಹೋಗಿತ್ತು. ಉಳಿದದ್ದು ಸ್ಪಷ್ಟ: ಕಾಂಗ್ರೆಸ್ ಸದಸ್ಯ, ಅಲಬಾಮಾ, 1912.

ಹಾರವಿಲ್ಲದ ಮಾವನನ್ನು ರತ್ನಾ ಮೊದಲ ಸಲ ನೋಡಿದಳು. ಗಂಟಲಿಗೆ ಒತ್ತಿದ ಬಿಳಿ ಕಾಲರು. ಗಾಜಿನ ಮೇಲಿನ ವಿಭೂತಿ ಇಷ್ಟು ದಿನ ಮುಚ್ಚಿದ್ದ ಬಿಳಿಚಿದ ಹಣೆ. ಯಾವನೋ ಬಿಳಿಯ. ಹುಬ್ಬಳ್ಳಿಯ ಸ್ಟುಡಿಯೋದಲ್ಲಿ ಬಾಡಿಗೆ ಕೋಟು ತೊಟ್ಟು ತೆಗೆಸಿದ್ದೆಂದು ಅತ್ತೆ ಈರವ್ವ ಹೇಳಿದ್ದಳು. ಯಾರೂ ಮರುಮಾತಾಡಿರಲಿಲ್ಲ.

ಗಂಡ ಪ್ರವೀಣಕುಮಾರನಿಗಂತೂ ಅಪ್ಪನೆಂದರೆ ಈ ಫೋಟೋವೇ. ಮೂರು ವರ್ಷದವನಿದ್ದಾಗ ತಾಯಿಯ ಜೊತೆ ದೇಶ ಬಿಟ್ಟು ಕಡಲಾಚೆಯ ಈ ಸ್ಕಾರ್‌ಬರೋಗೆ ಬಂದವನು. ದಿನವೂ ಬ್ರ್ಯಾಂಪ್ಟನ್ನಿನ ವೇರ್‌ಹೌಸಿಗೆ ಹೊರಡುವ ಮುನ್ನ ಇದಕ್ಕೇ ಕೈಮುಗಿಯುತ್ತಾನೆ. ಮೀಸೆಯನ್ನೂ ಹೀಗೆಯೇ ಬಿಟ್ಟಿದ್ದಾನೆ. ಇನ್ನೇನು ಶಿಫ್ಟು ಮುಗಿಸಿ ಬರುವ ಹೊತ್ತು. ಅವನಿಗೆ ಏನು ಹೇಳುವುದು?

ಈರವ್ವ ಅಡುಗೆಮನೆಯಲ್ಲಿ ಫೋನು ಹಿಡಿದಿದ್ದಳು. ಪ್ರತಿ ರವಿವಾರ ಬೆಳಗಾವಿಯ ತಂಗಿಗೆ ಫೋನು. ಕೇಳುವುದು ಒಂದೇ ಮಾತು: "ಆರಾಮ ಅದಾರಲ್ಲ?" ಉತ್ತರ ಸಿಕ್ಕರೆ ಸಾಕು, ಇಟ್ಟುಬಿಡುತ್ತಾಳೆ. ಇಂಥ ಸೆಕೆಯಲ್ಲೂ ಸ್ವೆಟರಿನ ಗುಂಡಿ ಕುತ್ತಿಗೆಯ ತನಕ.

"ಅತ್ತಿ, ಮೋಸ ಆಗೇತ್ರಿ. ಇವರು ಮಾವನವರಲ್ಲ. ಯಾರೋ ಅಮೆರಿಕಾದ ಎಂಪಿ."

ಈರವ್ವ ಚೀಟಿಯತ್ತ ನೋಡಲೇ ಇಲ್ಲ. "ಹೌದೇನು? ಮೂವತ್ತು ವರ್ಷ ಹೋಳಿಗಿ ಎಡಿ ಹಿಡದೀನಿ. ಏನ್ ಕೆಲಸ ಮಾಡತಿದ್ದ ಅಂತ ಇವತ್ತ ತಿಳೀತು ನೋಡು."

"ನಿಮಗ ಗೊತ್ತಿತ್ತಾ?"

"ಇಲ್ಲೇ ಹಳೇ ಸಾಮಾನಿನ ಅಂಗಡ್ಯಾಗ ತಂದದ್ದು. ಮೀಸಿ ಚಲೋ ಇತ್ತು." ಫೋನು ಕೆಳಗಿಟ್ಟಳು. "ಪ್ರವೀಣ ಸಾಲಿಂದ ಬಂದು ದಿನಾ ಕೇಳಾಂವ, ಅಪ್ಪ ಯಾವಾಗ ಬರತಾನ ಅಂತ. ಬರತಾನ ಅನ್ನಾಕ ನನಗ ಬಾಯಿ ಬರಲಿಲ್ಲ."

ರತ್ನಾಳ ಕಣ್ಣು ತುಂಬಿತು. ಗಂಡನ ಮುಖವನ್ನೂ ಉಳಿಸಿಕೊಳ್ಳಲಾಗದ ಹೆಂಗಸು. "ಅವರದು ಒಂದೂ ಫೋಟೋ ಉಳೀಲಿಲ್ಲೇನ್ರಿ?"

"ಐತಲ್ಲ. ಟ್ರಂಕಿನ್ಯಾಗ. ಮದಿವೀದು."

ಹೊರಗೆ ಕಾರು ನಿಂತ ಸದ್ದಾಯಿತು. ಈರವ್ವ ಎದ್ದು ಹೋಗಿ, ಗಾಜಿಲ್ಲದ ಚೌಕಟ್ಟನ್ನೇ ಮೊಳೆಗೆ ಸಿಕ್ಕಿಸಿದಳು. ಕಾಲರು ಮುಚ್ಚುವಂತೆ ಹಾರ ಹಾಕಿದಳು. ಕೈ ಮೇಲೆತ್ತಿದ ಎಳೆತಕ್ಕೆ ಸ್ವೆಟರಿನ ಮೇಲಿನ ಗುಂಡಿ ಕಳಚಿತು. ಅವಸರದಿಂದ ಏನನ್ನೋ ಒಳಗೆ ತುರುಕಿಕೊಂಡಳು. ಅಷ್ಟರಲ್ಲಿ ರತ್ನಾಳಿಗೆ ಕರಿಮಣಿ ಕಂಡಿತ್ತು.

"ಮತ್ತ ಅವರ ಫೋಟೋ ಬಿಟ್ಟು ಇವನ್ನ ಯಾಕ ಹಾಕಿದ್ರಿ, ಅತ್ತಿ?"

ಬಾಗಿಲಲ್ಲಿ ಕೀಲಿ ತಿರುಗಿತು. ಈರವ್ವ ದನಿ ತಗ್ಗಿಸಿದಳು.

"ಬದುಕಿದ್ದವರ ಫೋಟೋಕ್ಕ ಹಾರ ಹಾಕಬಾರದವ್ವಾ."